ತಾಯಿಯವರ ಹೊಸ ಕವಾಟ

ನನ್ನ ತಾಯಿಯವರ 79ನೆಯ ವಯಸ್ಸಿನಲ್ಲಿ ಹೃದಯದ ಮಹಾಪಧಮನಿಯ ಕವಾಟವನ್ನು ಬದಲಿಸಬೇಕಾಯಿತು. ಎದೆಯನ್ನು ತೆರೆಯಲಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ನಳಿಕೆಯನ್ನೇರಿಸಿ, ಮುದುರಿಟ್ಟ ಕವಾಟವನ್ನು ಹಳೆಯದರ ನಡುವೆ ಅರಳಿಸಿದರು. ಫ್ರಾನ್ಸಿನ ರೂಆನ್ ನಗರದಲ್ಲಿ ಡಾ. ಅಲೇನ್ ಕ್ರಿಬಿಯೆ 2002ರ ಏಪ್ರಿಲ್‌ನಲ್ಲಿ ಮನುಷ್ಯರ ಮೇಲೆ ಮೊದಲು ನಡೆಸಿದ ವಿಧಾನವಿದು. ಕೆಲವೇ ದಿನಗಳಲ್ಲಿ ತಾಯಿಯವರು ಮನೆಗೆ ಬಂದರು. ಎಲ್ಲವೂ ಮುಗಿಯಿತೆಂದು ಬಂಧುಗಳಿಗೆಲ್ಲ ತಿಳಿಸಿದೆವು.

ಐದು ತಿಂಗಳಾದ ಮೇಲೆ, ಪೂಜೆ ಮುಗಿಸಿ ಏಳುವಾಗ ಅವರಿಗೆ ಏದುಸಿರು ಬರತೊಡಗಿತು. ಅಡುಗೆಮನೆಗೆ ಬರುವಷ್ಟರಲ್ಲಿ ಕಂಬ ಹಿಡಿದು ನಿಲ್ಲುತ್ತಿದ್ದರು. ‘ವಯಸ್ಸಾಯಿತಲ್ಲವೇ’ ಎಂದು ನಾನೇ ಸಮಾಧಾನ ಹೇಳಿದೆ. ಹೀಗೆ ಮೂರು ವಾರ ಕಳೆದುಹೋದವು. ಅವುಗಳ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಎಕೋ ಪರೀಕ್ಷೆಯಲ್ಲಿ ಕವಾಟದ ಒತ್ತಡ ಏರಿತ್ತು. ಸಿ.ಟಿ. ಚಿತ್ರದಲ್ಲಿ ಒಂದು ಎಸಳು ದಪ್ಪಗಾಗಿ, ತೆರೆಯಲಾರದೆ ನಿಂತಿತ್ತು. ವೈದ್ಯರು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು: ಈ ವಿಧಾನದಲ್ಲಿ ಹಳೆಯ ಕವಾಟವನ್ನು ಕತ್ತರಿಸಿ ತೆಗೆಯುವುದಿಲ್ಲ, ಹೊಸದು ಅದನ್ನು ಬದಿಗೊತ್ತಿ ನೆಲೆಸುತ್ತದೆ. ಹೊಸ ಎಸಳುಗಳ ಹಿಂದೆ ಒಂದು ಸಂದು ಉಳಿಯುತ್ತದೆ. ಹೊಳೆಯ ಮಡುವಿನಲ್ಲಿ ನೀರು ತಂಗುವಂತೆ ಅಲ್ಲಿ ರಕ್ತ ಮಂದಗತಿಯಲ್ಲಿ ಸುತ್ತಿ ಹೆಪ್ಪುಗಟ್ಟಬಹುದು. ಯಾವ ಲಕ್ಷಣವೂ ತೋರದವರಲ್ಲಿಯೂ ಎಸಳುಗಳ ಚಲನೆ ಕುಗ್ಗಿರುವುದು 2015ರಲ್ಲಿ ಪ್ರಕಟವಾದ ಸಿ.ಟಿ. ಅಧ್ಯಯನದಿಂದ ತಿಳಿದುಬಂತು.

‘ಹಾಗಾದರೆ ಎಲ್ಲರಿಗೂ ಮೊದಲೇ ಹೆಪ್ಪುನಿರೋಧಕ ಕೊಡಬಾರದೇ?’ ಎಂದೆ. ಅದನ್ನೂ ಪರೀಕ್ಷಿಸಿದ್ದಾರೆ. 2020ರಲ್ಲಿ ಪ್ರಕಟವಾದ ಗೆಲಿಲಿಯೋ ಅಧ್ಯಯನದಲ್ಲಿ ರಿವರಾಕ್ಸಬಾನ್ ಪಡೆದವರ ಎಸಳುಗಳು ದಪ್ಪಗಾಗುವುದು ಕಡಿಮೆಯಾಯಿತು. ಆದರೆ ಮರಣ ಹೆಚ್ಚಾಯಿತು. ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಚಿತ್ರ ಚೆನ್ನಾಗಿ ಬಂದರೆ ಸಾಕೆಂದುಕೊಂಡಿದ್ದ ನನಗೆ ಇದು ವಿಚಿತ್ರವಾಗಿ ಕಂಡಿತು. ಆದ್ದರಿಂದಲೇ ಬೇರೆ ಕಾರಣಗಳಿಲ್ಲದ ಹೆಚ್ಚಿನ ರೋಗಿಗಳಿಗೆ ಆಸ್ಪಿರಿನ್ ಒಂದನ್ನೇ ಕೊಡುತ್ತಾರೆ. ತಾಯಿಯವರಿಗೂ ಕೊಟ್ಟದ್ದು ಅದೇ.

ಈಗ ವಾರ್ಫರಿನ್ ಆರಂಭವಾಯಿತು. ಐ.ಎನ್.ಆರ್. ಎಂಬ ಅಂಕಿ 2ರಿಂದ 3ರ ನಡುವೆ ನಿಲ್ಲಬೇಕು. ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಔಷಧಿಗೆ ಎದುರಾಳಿ. ಸೊಪ್ಪನ್ನು ಬಿಡಬೇಕಿಲ್ಲ, ದಿನವೂ ಒಂದೇ ಅಳತೆಯಲ್ಲಿರಬೇಕು, ಅಷ್ಟೆ. ಜೀವನವಿಡೀ ಕೈ ಅಂದಾಜಿನಲ್ಲಿ ಬಡಿಸಿದ ತಾಯಿಯವರಿಗೆ ಈ ಅಳತೆಯೇ ಔಷಧಿಗಿಂತ ಕಹಿಯಾಗಿತ್ತು.

ಮೂರು ತಿಂಗಳ ನಂತರದ ಚಿತ್ರದಲ್ಲಿ ಎಸಳು ತೆರೆದುಕೊಂಡಿತ್ತು. ಔಷಧಿ ನಿಲ್ಲಿಸಿದರೆ ಹೆಪ್ಪು ಮರಳಬಹುದು. ಮುಂದುವರಿಸಿದರೆ, ಮೊನ್ನೆ ಬಾಗಿಲು ತಗುಲಿ ಅವರ ತೋಳು ಮೊಣಕೈವರೆಗೆ ನೀಲಿಗಟ್ಟಿದೆ. ಗುರುವಾರ ಮತ್ತೆ ರಕ್ತ ಪರೀಕ್ಷೆಗೆ ಹೋಗಬೇಕು.