ಅರ್ಥ ತಪ್ಪಿದ ಜೀಪು

ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ ಮುಗಿಸಿದ ಯಾತ್ರಿಕರಿಗೆ ಕೊಡಚಾದ್ರಿಯನ್ನೂ ಕಂಡುಬರಬೇಕೆಂಬ ಆಸೆ ಹುಟ್ಟುವುದು ಸಹಜ. 1343 ಮೀಟರ್ ಎತ್ತರದ ಆ ಶಿಖರ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದುದು. ನಾಗೋಡಿಯನ್ನು ದಾಟಿ ಕಟ್ಟಿನಹೊಳೆಯವರೆಗೆ ದಾರಿ ದಾರಿಯಂತೆಯೇ ಇರುತ್ತದೆ. ಅಲ್ಲಿಂದ ಮುಂದಿನದನ್ನು ದಾರಿ ಎನ್ನುವುದು ಉಪಚಾರದ ಮಾತು. ಬಂಡೆ, ಕೊರಕಲು, ಕೆಮ್ಮಣ್ಣು, ತಿರುವು, ಮತ್ತೆ ಬಂಡೆ. ಎಂಜಿನ್ನಿನ ಬಲವನ್ನು ನಾಲ್ಕು ಚಕ್ರಗಳಿಗೂ ಹಂಚಬಲ್ಲ ಜೀಪಲ್ಲದೆ ಬೇರೆ ವಾಹನಕ್ಕೆ ಅಲ್ಲಿ ಮರ್ಯಾದೆಯಿಲ್ಲ.

ಈ ಹಾದಿ ಸವೆಸುವ ಜೀಪುಗಳಲ್ಲಿ ಕೆಲವು ತಮ್ಮ ಚಾಲಕರಿಗಿಂತ ಹಿರಿಯವು. ಅವುಗಳ ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗಿನ ಹಂಗಿಲ್ಲ. ಒಮ್ಮೆ ಹೊತ್ತಿಕೊಂಡರೆ ಬ್ಯಾಟರಿಯನ್ನು ಕಳಚಿಟ್ಟರೂ ಓಡುತ್ತಿರುತ್ತದೆ. ಹೊತ್ತಿಸುವುದೇ ಕಷ್ಟ. ಆದುದರಿಂದ ಬೆಟ್ಟದ ಮೇಲೆ ಚಾಲಕರು ಜೀಪಿನ ಮೂತಿಯನ್ನು ಇಳಿಜಾರಿನತ್ತ ತಿರುಗಿಸಿಯೇ ನಿಲ್ಲಿಸುತ್ತಾರೆ. ಸ್ಟಾರ್ಟರ್ ಕೈಕೊಟ್ಟರೆ ಉರುಳಲು ಬಿಟ್ಟು, ಗೇರಿಗೆ ಹಾಕಿ ಕ್ಲಚ್ ಬಿಟ್ಟರಾಯಿತು. ಆ ಒಂದು ಮಾರು ಇಳಿಜಾರಿಗಾಗಿ ನಡೆಯುವ ಪೈಪೋಟಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ.

ಕಾರ್ತಿಕ ಮಾಸದ ಒಂದು ಸಂಜೆ ಆ ಪೈಪೋಟಿಯಲ್ಲಿ ಸೋತ ಜೀಪೊಂದು ಗುಡಿಯ ಬಳಿಯ ಸಮತಟ್ಟಿನಲ್ಲಿ ನಿಂತಿತ್ತು. ಅದರಲ್ಲಿ ಬಂದ ಏಳು ಮಂದಿ ಮೇಲೆ ಸರ್ವಜ್ಞಪೀಠದ ಕಲ್ಲುಮಂಟಪದವರೆಗೆ ನಡೆದು, ಸೂರ್ಯ ಪಡುವಣ ಕಡಲಿಗೆ ಇಳಿಯುವುದನ್ನು ಕಣ್ತುಂಬ ನೋಡಿ, ಕತ್ತಲಾಗುವ ಹೊತ್ತಿಗೆ ಮರಳಿದ್ದರು. ಅವರಲ್ಲಿ ದಾವಣಗೆರೆಯ ನಿವೃತ್ತ ಕನ್ನಡ ಪಂಡಿತರೊಬ್ಬರು ಹಿರಿಯರು. ಅವರ ಮೊಮ್ಮಗಳ ಕೂಸು ತಾಯಿಯ ತೋಳಿನಲ್ಲಿ ನಿದ್ದೆಹೋಗಿತ್ತು. ಉಳಿದ ಜೀಪುಗಳು ಆಗಲೇ ಇಳಿದುಹೋಗಿದ್ದವು. ಚಾಲಕ ಕೀಲಿ ತಿರುಗಿಸಿದ. ‘ಟಕ್’ ಎಂದಿತು. ಮತ್ತೆ ತಿರುಗಿಸಿದ. ಮತ್ತೆ ‘ಟಕ್’.

ನಾಲ್ವರು ಇಳಿದು ದಬ್ಬಿದ್ದರೆ ಎಂಜಿನ್ ಹೊತ್ತಿಕೊಳ್ಳುತ್ತಿತ್ತೇನೋ. ಚಾಲಕ ಅದಕ್ಕೊಪ್ಪಲಿಲ್ಲ. ಮುಂದಿನ ದೀಪಗಳನ್ನು ಬೆಳಗಿಸಿ, ಕೀಲಿಯನ್ನು ಮತ್ತೊಮ್ಮೆ ತಿರುಗಿಸಿ, ಬೆಳಕನ್ನೇ ನೋಡುತ್ತ ಕುಳಿತ. ದೀಪ ಕುಗ್ಗಲಿಲ್ಲ. ಬ್ಯಾಟರಿ ಸೋತಿದ್ದರೆ ಆ ಕ್ಷಣದಲ್ಲಿ ದೀಪ ಕೆಂಪಗಾಗಿ ನಂದಬೇಕಿತ್ತು. ಅವನು ಬಾನೆಟ್ ಎತ್ತಿ ಎಕ್ಸಲರೇಟರ್ ಕೇಬಲ್ಲನ್ನು ಮುಟ್ಟಿ, ಬೆರಳನ್ನು ಸರಕ್ಕನೆ ಹಿಂದೆಳೆದುಕೊಂಡ. ಅದು ಬಿಸಿಯಾಗಿತ್ತು.

“ಬ್ಯಾಟರಿ ಸರಿ ಉಂಟು ಸಾರ್. ಇದಕ್ಕೆ ಅರ್ಥ್ ಇಲ್ಲ” ಎಂದ.

“ಅರ್ಥವಿಲ್ಲವೆ? ಯಾವುದಕ್ಕಪ್ಪ?” ಎಂದರು ಪಂಡಿತರು.

ಶಬ್ದ ಬೇರೆಯಾದರೂ ಪಂಡಿತರ ಪ್ರಶ್ನೆ ತೀರ ದಾರಿ ತಪ್ಪಿದುದೇನಲ್ಲ. ಮನೆಯ ದೀಪಕ್ಕೆ ವಿದ್ಯುತ್ತು ಬರಲೊಂದು ತಂತಿ, ಹೋಗಲೊಂದು ತಂತಿ. ಜೀಪಿನಲ್ಲಿ ಬರುವುದಕ್ಕೆ ಮಾತ್ರ ತಂತಿ. ಬ್ಯಾಟರಿಗೆ ಮರಳುವ ದಾರಿ ಜೀಪಿನ ಕಬ್ಬಿಣದ ಮೈಯೇ. ಗ್ಯಾರೇಜಿನವರು ‘ಅರ್ಥ್’ ಎನ್ನುವುದು ಈ ಮರಳುವ ದಾರಿಯನ್ನು. ಆದರೆ ಎಂಜಿನ್ ಕುಳಿತಿರುವುದು ರಬ್ಬರಿನ ದಿಂಬುಗಳ ಮೇಲೆ, ರಬ್ಬರನ್ನು ವಿದ್ಯುತ್ತು ದಾಟಲಾರದು. ಅದಕ್ಕಾಗಿ ಎಂಜಿನ್ನಿನಿಂದ ಚಾಸಿಗೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಮುಂದಿನ ಒಂದು ದೀಪಕ್ಕೆ ಸುಮಾರು 5 ಆಂಪಿಯರ್ ಸಾಕು. ಡೀಸೆಲ್ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರಿಗೆ ಇನ್ನೂರಕ್ಕೂ ಮಿಕ್ಕಿ ಬೇಕು. ಪಟ್ಟಿಯ ಹಿಡಿತ ಕೆಟ್ಟರೆ ಅಷ್ಟೂ ವಿದ್ಯುತ್ತು ಸಿಕ್ಕಿದ ಸಂದಿಯಲ್ಲಿ ನುಸುಳಲು ಹೋಗುತ್ತದೆ. ಬಡಪಾಯಿ ಎಕ್ಸಲರೇಟರ್ ಕೇಬಲ್ಲಿಗೆ ಜ್ವರ ಬರುವುದು ಆಗ.

ಚಾಲಕ ದಬ್ಬಲು ಒಪ್ಪದಿದ್ದುದಕ್ಕೂ ಕಾರಣ ಇದೇ. ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರ್ ಇರುವುದೂ ಎಂಜಿನ್ನಿನ ಮೇಲೆಯೇ, ಅದರ ವಿದ್ಯುತ್ತಿಗೂ ಅದೇ ಪಟ್ಟಿ ದಾರಿ. ದಬ್ಬಿ ಹೊರಟಿದ್ದರೆ ದೀಪಗಳು ಬ್ಯಾಟರಿಯನ್ನು ಹೀರುತ್ತ, ಅರ್ಧ ಘಟ್ಟದಲ್ಲಿ, ಒಂದು ಕಡೆ ಗೋಡೆ ಒಂದು ಕಡೆ ಕಣಿವೆ ಇರುವಲ್ಲಿ ಕಣ್ಣು ಮುಚ್ಚಿಬಿಡಬಹುದಿತ್ತು.

ಸೀಟಿನ ಕೆಳಗೆ, ಒಂದು ಜೀಪಿನ ಬ್ಯಾಟರಿಯಿಂದ ಇನ್ನೊಂದಕ್ಕೆ ಜೀವ ಕೊಡುವ ದಪ್ಪ ವೈರು ಇತ್ತು. ಅದರ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಬೋಲ್ಟಿಗೂ ಕಚ್ಚಿಸಿ ಕೀಲಿ ತಿರುಗಿಸಿದೊಡನೆ ಎಂಜಿನ್ ಗುಡುಗಿತು. ಕಳ್ಳ ಸಿಕ್ಕಿದ. ಪಟ್ಟಣದ ಗ್ಯಾರೇಜಿನಲ್ಲಾದರೆ ಸ್ಟಾರ್ಟ್ ಮಾಡುವಾಗ ಇದೇ ಎರಡು ತುದಿಗಳ ನಡುವೆ ಮೀಟರ್ ಹಿಡಿಯುತ್ತಾರೆ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಬ್ಯಾಟರಿಯನ್ನು ಬೈಯುವುದನ್ನು ಬಿಟ್ಟು ಅರ್ಥನ್ನು ನೋಡುತ್ತಾರೆ. ಇಷ್ಟು ತಿಳಿಯದೆ ಎಷ್ಟು ಮಂದಿ ಗಟ್ಟಿ ಬ್ಯಾಟರಿಯನ್ನು ಮಾರಿ ಹೊಸದನ್ನು ಕೊಂಡಿರುವರೋ!

ಈ ರೋಗಕ್ಕೆ ಮಲೆನಾಡು ತವರುಮನೆ. ಜೂನಿನಿಂದ ನಾಲ್ಕು ತಿಂಗಳು ಸುರಿಯುವ ಮಳೆ, ಗಾಲಿ ಎರಚುವ ಕೆಸರು, ಆರದ ಮಂಜು. ಇವು ಬಣ್ಣದ ಅಡಿಗೆ ನುಸುಳಿ ಬೋಲ್ಟಿನ ಬುಡದಲ್ಲಿ ತುಕ್ಕು ಹಿಡಿಸುತ್ತವೆ. ಬ್ರೇಕ್ ತುಳಿದಾಗ ಹಿಂದಿನ ಬೇರಾವುದೋ ದೀಪ ಮಿಣುಕುವುದು, ದೀಪ ಹಾಕಿದರೆ ಡೀಸೆಲ್ ಮುಳ್ಳು ಕುಣಿಯುವುದು, ಎಲ್ಲವೂ ಬಹುಮಟ್ಟಿಗೆ ಇದೇ ತುಕ್ಕಿನ ಲೀಲೆ. ಇಲಿ ಕಡಿದ ವೈರು ಬೇರೆಯೇ ಅಧ್ಯಾಯ. ಸುಟ್ಟ ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿಕಾಗದ ಸುತ್ತುವವರಿಗಂತೂ ಬೆಂಕಿಯೇ ಬುದ್ಧಿ ಕಲಿಸಬೇಕು.

ಕಾರಣ ತಿಳಿದ ಮೇಲೆ ಚಾಲಕ ಎಂಜಿನ್ ನಿಲ್ಲಿಸಿ, ವೈರು ತೆಗೆದು, ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿದ. ಮೊದಲು ಕಳಚುವುದು, ಕೊನೆಗೆ ಜೋಡಿಸುವುದು ಅದನ್ನೇ. ಇಲ್ಲವಾದರೆ ಸ್ಪ್ಯಾನರ್ ಜೀಪಿನ ಮೈಗೆ ತಗಲಿ ಕಿಡಿ ಹಾರುತ್ತದೆ. ಪಂಡಿತರು ಟಾರ್ಚ್ ಹಿಡಿದರು. ಪಟ್ಟಿಯ ಬೋಲ್ಟು ಬಿಚ್ಚಿದಾಗ ಕಂದು ಪುಡಿ ಉದುರಿತು. ಮರಳುಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದ. ಅರ್ಧ ಗಂಟೆ ಹಿಡಿಯಿತು.

ಕೂಸು ಎಚ್ಚರಗೊಂಡಿದ್ದು ಎಂಜಿನ್ನಿನ ಸದ್ದಿಗೆ. ದೀಪಗಳ ಬೆಳ್ಳನೆಯ ಬೆಳಕಿನಲ್ಲಿ ಜೀಪು ಬಂಡೆಯಿಂದ ಬಂಡೆಗೆ ಇಳಿಯುತ್ತಿದ್ದಾಗ ಪಂಡಿತರು, “ಈಗ ಅರ್ಥವಾಯಿತೇನಪ್ಪ?” ಎಂದರು. “ಆಯ್ತು ಸಾರ್” ಎಂದ ಚಾಲಕ. ಮರುದಿನ ಮಧ್ಯಾಹ್ನ ಬೆಟ್ಟದ ಮೇಲಿನ ಆ ಇಳಿಜಾರಿನ ಜಾಗದಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಂತದ್ದು ಅವನ ಜೀಪೇ.