ಮಾಗಡಿ ಕೆರೆಗೆ ಬಂದ ಚಳಿಗಾಲದ ನೆಂಟರು

ದೀಪಾವಳಿ ಮುಗಿದು ಕಾರ್ತೀಕದ ಚಳಿ ಬೀಳತೊಡಗಿತೆಂದರೆ ನಮ್ಮ ಗದಗ ಸೀಮೆಗೆ ಹೊಸಬರು ಬರುತ್ತಾರೆ. ಕರೆಂಟಿನ ತಂತಿಯ ಮೇಲೆ ಕವಲುತೋಕೆಗಳು ಸಾಲು ಹಿಡಿದು ಕೂರುತ್ತವೆ. ಹಿತ್ತಲಲ್ಲಿ ನೀರು ಹರಿಯುವ ಕಡೆ ಬಾಲ ಕುಣಿಸುತ್ತ ಸಿಪಿಲೆ ಓಡಾಡುತ್ತದೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಜೀವ. ಅದು ಸಾವಿರಾರು ಮೈಲಿ ದಾಟಿ ನಮ್ಮ ಬಚ್ಚಲ ನೀರಿನ ಹುಳ ಹೆಕ್ಕಲು ಬಂದಿದೆ ಎಂದರೆ ಮನೆಗೆ ಬಂದವರು ನಂಬುವುದೇ ಇಲ್ಲ.

ಆದರೆ ಈ ನೆಂಟರಲ್ಲಿ ದೊಡ್ಡವರನ್ನು ನೋಡಬೇಕಾದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿಗೆ ಹೋಗಬೇಕು. (ಬೆಂಗಳೂರಿನ ಹತ್ತಿರದ ಕೆಂಪೇಗೌಡರ ಮಾಗಡಿ ಅಲ್ಲ, ಇದು ನಮ್ಮದು.) ಮಳೆ ನೀರು ಹಿಡಿದು ಹೊಲಗಳಿಗೆ ಬಿಡಲೆಂದು ಹಿರಿಯರು ಕಟ್ಟಿದ, ಸುಮಾರು ಐವತ್ತು ಹೆಕ್ಟೇರಿನ ಕೆರೆ. ಅಲ್ಲಿಗೆ ನವೆಂಬರಿನಿಂದ ಬರುತ್ತವೆ ಪಟ್ಟೆತಲೆ ಹೆಬ್ಬಾತುಗಳು. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಆದ ಒಪ್ಪಂದದಿಂದ ಬಂದ ಹೆಸರು ಅದು. ಜಗತ್ತಿಗೇ ಮುಖ್ಯವಾದ ಕೆರೆ, ಕೊಳ್ಳ, ಅಳಿವೆಗಳ ಪಟ್ಟಿ. ರಂಗನತಿಟ್ಟಿಗೆ ಆ ಮನ್ನಣೆ ಎರಡು ವರ್ಷ ಮೊದಲೇ ಸಿಕ್ಕಿತ್ತು.

ಪ್ರತಿ ವರ್ಷ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗುವುದು ನಮ್ಮ ವಾಡಿಕೆ. ಈ ಸಲ ತೊಡಕು ಬಂತು. ಅವಳೀಗ ಪಿಯುಸಿ ಎರಡನೇ ವರ್ಷ, ವಿಜ್ಞಾನ. ಭಾನುವಾರ ಮಧ್ಯಾಹ್ನ ಎರಡಕ್ಕೆ ಕೋಚಿಂಗಿನವರ ಟೆಸ್ಟು. “ಹಕ್ಕಿ ಮುಂದಿನ ವರ್ಷಾನೂ ಬರ್ತಾವ. ಮೆಡಿಕಲ್ ಸೀಟು ಬರ್ತದೇನು?” ಎಂದಳು ಮನೆಯವಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಗಳೇ ಕರಾರು ಮಾಡಿದಳು: ಬೆಳಗಿನ ಜಾವ ಹೊರಡುವುದು, ಒಂದೂವರೆಯೊಳಗೆ ಊರು ಸೇರುವುದು, ಪುಸ್ತಕ ಚೀಲದಲ್ಲಿ ಇರುವುದು.

ನಾವು ಏರಿ ಹತ್ತಿದಾಗ ಮೂಡಲು ಆಗಷ್ಟೇ ಕೆಂಪಾಗಿತ್ತು. ಈ ಬಾತುಗಳ ದಿನಚರಿ ನಮ್ಮದಕ್ಕೆ ತಿರುಗುಮುರುಗು. ರಾತ್ರಿಯೆಲ್ಲ ಹೊಲಗಳಲ್ಲಿ ಮೇದು, ಬೆಳಗಾದ ಮೇಲೆ ಕೆರೆಗೆ ಬಂದು ವಿಶ್ರಾಂತಿ. ಮೊದಲು ಕೇಳಿದ್ದು ಸದ್ದು, ದೂರದಲ್ಲಿ ಯಾರೋ ಹಳೆಯ ಮೋಟಾರಿನ ಹಾರ್ನು ಒತ್ತಿದ ಹಾಗೆ. ಆಮೇಲೆ ಬಾಣದ ತುದಿಯಂತೆ ಒಂದು ಸಾಲು, ಅದರ ಹಿಂದೆ ಇನ್ನೊಂದು. ನೀರಿನ ಮೇಲೆ ಬಂದಾಗ ರೆಕ್ಕೆ ಬಿಗಿಹಿಡಿದು, ಕಿತ್ತಳೆ ಬಣ್ಣದ ಕಾಲು ಮುಂದೆ ಚಾಚಿ, ಸರ್ರನೆ ಇಳಿದವು. ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ದುರ್ಬೀನು ಇಲ್ಲದಿದ್ದರೂ ಗುರುತು ತಪ್ಪುವಂತಿಲ್ಲ.

ಎಣಿಕೆ ಶುರುವಾಯಿತು. ಒಂದೊಂದೇ ಎಣಿಸಹೋದರೆ ಅವು ಜಾಗ ಬದಲಿಸಿಬಿಡುತ್ತವೆ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಿನಲ್ಲಿ ಇಟ್ಟುಕೊಂಡು, ಅದೇ ಅಳತೆಯಲ್ಲಿ ಗುಂಪನ್ನು ಭಾಗ ಮಾಡುತ್ತ ಹೋಗಬೇಕು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಯಲ್ಲೂ ದೊಡ್ಡ ಗುಂಪುಗಳಿಗೆ ಇಂಥ ಉಪಾಯವೇ ಆಧಾರ. ನನ್ನ ಲೆಕ್ಕ 410, ಮಗಳದು 340. ಅವಳ ಕಣ್ಣು ಚುರುಕು; ಅವಳದ್ದನ್ನೇ ಬರೆದುಕೊಂಡೆವು. ಪಕ್ಕದಲ್ಲಿ ಸೂಜಿಬಾಲದ ಬಾತುಗಳಿದ್ದವು, ಒಂದು ಜೋಡಿ ಚಕ್ರವಾಕವೂ ಇತ್ತು. ನಮ್ಮ ಹಳೆಯ ಕವಿಗಳು ರಾತ್ರಿ ಅಗಲಿಸಿ ಅಳಿಸಿದ ಜೋಡಿ ಇದೇ. ನಾವು ನೋಡಿದಾಗ ಎರಡೂ ಒಂದೇ ಕಡೆ ತಲೆ ಹುದುಗಿಸಿ ನಿದ್ದೆ ಹೊಡೆಯುತ್ತಿದ್ದವು.

ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವಾಗ ಮಗಳು ಕೇಳಿದಳು: “ಇವು ಎವರೆಸ್ಟ್ ಮ್ಯಾಲಿಂದನ ಹಾರಿ ಬರ್ತಾವಂತ, ಖರೇ ಏನಪ್ಪಾ?” ಹಾಗೊಂದು ಮಾತು ಬಹಳ ಕಾಲದಿಂದ ಇದೆ. ಮಂಗೋಲಿಯಾ, ಟಿಬೆಟ್ಟಿನ ಸರೋವರಗಳ ಬಳಿ ಮೊಟ್ಟೆಯಿಟ್ಟು ಮರಿ ಮಾಡುವ ಇವು, ಅಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಹಿಮಾಲಯ ದಾಟಿ ಬರುವುದು ನಿಜ. ಮಂಗೋಲಿಯಾದಿಂದ ಇಲ್ಲಿಗೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್. ಆದರೆ ವಿಜ್ಞಾನಿಗಳು ಹಕ್ಕಿಗಳ ಮೈಗೆ ಉಪಕರಣ ಕಟ್ಟಿ ನೋಡಿದಾಗ ಕಂಡದ್ದೇ ಬೇರೆ. ಅವು ಕಣಿವೆ ಹಿಡಿದು, ಬೆಟ್ಟದ ಏರಿಳಿತಕ್ಕೆ ತಕ್ಕಂತೆ ಏರಿ ಇಳಿದು ಸಾಗುತ್ತವೆ. ಬಹುಪಾಲು ಹಾರಾಟ 6000 ಮೀಟರಿನೊಳಗೆ. ಆ ಅಧ್ಯಯನಗಳಲ್ಲಿ ದಾಖಲಾದ ಅತಿ ಎತ್ತರ ಸುಮಾರು 7290 ಮೀಟರ್. ಶಿಖರದ ಕಥೆಗಿಂತ ಈ ಜಾಣತನವೇ ನನಗೆ ಹೆಚ್ಚು ಇಷ್ಟ. 5500 ಮೀಟರಿನಲ್ಲೇ ಗಾಳಿಯ ಒತ್ತಡ ಕಡಲತಡಿಯ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿ ನಾವು ನಾಲ್ಕು ಹೆಜ್ಜೆ ನಡೆದರೂ ಏದುಸಿರು. ಇವು ರೆಕ್ಕೆ ಬಡಿಯುತ್ತಲೇ ಇರುತ್ತವೆ. ಇವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿದುಕೊಳ್ಳುತ್ತದೆ. “ಹಿಮೋಗ್ಲೋಬಿನ್ ನಾಳಿ ಟೆಸ್ಟಿಗಲ್ಲ, ಇವತ್ತಿನ ಟೆಸ್ಟಿಗೇ ಐತಿ” ಎಂದು ಅವಳು ನಕ್ಕಳು.

ಅಷ್ಟರಲ್ಲಿ ಏರಿಯ ಮೇಲೆ ಒಬ್ಬ ಹಿರಿಯರು ಬಂದರು. ಕೆರೆಯ ಕೆಳಗೆ ಅವರದು ಮೂರು ಎಕರೆ, ಈಗ ಕಡಲೆ ಬಿತ್ತಿದ್ದಾರೆ. “ನಿಮಗ ಇದು ಛಂದ ಕಾಣ್ತದರಿ. ರಾತ್ರಿ ನಮ್ಮ ಹೊಲದಾಗ ಇಳದ್ರ ಎಳೀ ಕಡ್ಲಿ ಬುಡಮಟ್ಟ ಮೇಯ್ತಾವ” ಎಂದರು. ಮಗಳು ಹೆದರಿಕೊಂಡೇ, “ಹೊಡೀತೀರೇನ್ರಿ ಅಜ್ಜಾರ?” ಎಂದು ಕೇಳಿದಳು.

“ಛೇ, ಹೊಡಿಯೋದೇನ್ ಬಂತವ್ವಾ? ಡಬ್ಬಿ ಬಡೀತೀವಿ, ಎದ್ದು ಬಾಜೂ ಹೊಲಕ್ಕ ಹೊಕ್ಕಾವ. ಅವ ಹೊಲದಾಂವ ಬಡೀತಾನ, ತಿರುಗಿ ನಮ್ಮಲ್ಲಿಗೇ.”

ನಕ್ಕರೂ ಅವರ ಮಾತು ಹಗುರವಾಗಿರಲಿಲ್ಲ. ಪಟ್ಟಣದಿಂದ ಬಂದ ನಾವು ಫೋಟೋ ತೆಗೆದುಕೊಂಡು ಮಧ್ಯಾಹ್ನಕ್ಕೆ ಮನೆ ಸೇರುತ್ತೇವೆ. ನೆಂಟರಿಗೆ ನಾಲ್ಕು ತಿಂಗಳು ಊಟ ಹಾಕುವವರು ಇವರು. ಕೆರೆಗೆ ಎಷ್ಟು ಹೆಸರು ಬಂದರೂ ಸುತ್ತಲಿನ ಹೊಲದವರ ಸಹನೆ ತೀರಿದ ದಿನ ಹಕ್ಕಿಗಳಿಗೆ ಇಲ್ಲಿ ನೆಲೆಯಿಲ್ಲ. ಅವರ ನಷ್ಟವನ್ನೂ ಯಾರಾದರೂ ಹಕ್ಕಿಯಷ್ಟೇ ಮುತುವರ್ಜಿಯಿಂದ ಎಣಿಸಬೇಕು ಎಂದು ನನಗನ್ನಿಸಿತು. ಮಗಳಿಗೂ ಅನ್ನಿಸಿರಬೇಕು; ಹಕ್ಕಿಯ ಪಟ್ಟಿಯ ಕೆಳಗೆ “ಕಡಲೆ, 3 ಎಕರೆ” ಎಂದು ಬರೆದುಕೊಂಡಳು.

ಹಿರಿಯರು ಹೋಗುವಾಗ ಅವಳ ಕೈಗೆ ಒಂದು ಹಿಡಿ ಶೇಂಗಾ ಕೊಟ್ಟರು. ಬಸ್ಸು ಅರ್ಧ ಗಂಟೆ ತಡ. ದಾರಿಯುದ್ದಕ್ಕೂ ಅವಳು ಶೇಂಗಾ ಸುಲಿಯುತ್ತ ಓದಿದಳು. ಗದಗದಲ್ಲಿ ಇಳಿದಾಗ ಎರಡಕ್ಕೆ ಹತ್ತು ನಿಮಿಷ. ಮನೆಗೆ ಹೋಗದೆ ಕೆಸರು ಮೆತ್ತಿದ ಚಪ್ಪಲಿಯಲ್ಲೇ ಟೆಸ್ಟಿಗೆ ಓಡಿದಳು. ಅಂಕ ಗುರುವಾರ ಹೇಳುತ್ತಾರಂತೆ.