ಅಗರಖೇಡದ ಖೊಖೊ ಅಂಗಳದಲ್ಲಿ

ದೀಪಾವಳಿ ಮುಗಿದ ಮೇಲೆ ಮೊಮ್ಮಗನನ್ನು ಕರೆದುಕೊಂಡು ಅಗರಖೇಡಕ್ಕೆ ಹೋಗಿದ್ದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಯಲ್ಲಿರುವ ಊರು ಅದು. ಬಸ್ಸಿನ ಕಿಟಕಿಯಲ್ಲಿ ಮೊದಲು ನಿಂಬೆ ತೋಟ, ಆಮೇಲೆ ಬಿಳಿಜೋಳದ ಹೊಲ, ಹೊಳೆ ಹತ್ತಿರವಾದಂತೆ ಕಬ್ಬು. ಪಂಢರಪುರದಲ್ಲಿ ಚಂದ್ರಭಾಗಾ ಅನ್ನಿಸಿಕೊಳ್ಳುವ ನದಿ ಇದೇ ಎಂದಾಗ ಮೊಮ್ಮಗ ಕಣ್ಣರಳಿಸಿದ.

ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಈ ಭಾಗದ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ. ತಿರುಗಿ ಬರುವಷ್ಟರಲ್ಲಿ ಪಾಠ ಬಹಳ ಮುಂದೆ ಹೋಗಿರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಅಷ್ಟು ಇಲ್ಲದೆ ಶಾಲೆ ಬಿಟ್ಟವರೂ ಇದ್ದಾರೆ.

ಸಂಜೆ ಬಯಲಲ್ಲಿ ಹುಡುಗಿಯರು ಖೊಖೊ ಆಡುತ್ತಿದ್ದರು. ಎಂಟು ಮಂದಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿದ್ದರು, ಒಂಬತ್ತನೆಯವಳು ಬೆನ್ನಟ್ಟುತ್ತಿದ್ದಳು. ಹಿಂದಿನಿಂದ ಮುಟ್ಟಿ ‘ಖೊ’ ಅನ್ನುವವರೆಗೆ ಕೂತವಳು ಏಳುವಂತಿಲ್ಲ.

ಅವರಲ್ಲೊಬ್ಬಳು ಹತ್ತನೆಯ ತರಗತಿಯವಳು. ಹೋದ ವರ್ಷ ಅಪ್ಪ–ಅವ್ವನ ಜೊತೆ ಗುಳೆ ಹೋಗಿದ್ದಳಂತೆ. ಈ ಸಲ ಆಯಿಯ, ಅಂದರೆ ಅಜ್ಜಿಯ ಹತ್ತಿರ ಉಳಿದಿದ್ದಾಳೆ.

“ಯಾಕ ಉಳದಿ ತಂಗಿ?” ಅಂದೆ.

“ನಾ ಹೋದ್ರ ಟೀಮಿನ್ಯಾಗ ಒಬ್ಬಾಕಿ ಕಡಿಮಿ ಆಗ್ತಾಳ್ರಿ. ಆಟಕ್ಕಂತ ದಿನಾ ಸಾಲಿಗೆ ಬರ್ತೀನಿ. ಬಂದ ಮ್ಯಾಲ ಗಣಿತಾನೂ ಕಿವಿಗೆ ಬೀಳ್ತದ. ಮೊದಲ ನಪಾಸ ಆಗಿದ್ದೆ, ಈ ಸಲ ಅರ್ಧವಾರ್ಷಿಕದಾಗ ಎಲ್ಲಾದ್ರಾಗೂ ಪಾಸ್!”

ಕಟ್ಟೆಯ ಮೇಲಿದ್ದ ಆಯಿ ನಕ್ಕಳು: “ನನಗ ಅಕ್ಷರ ಬರೂದಿಲ್ರಿ. ಮುಂಜಾನೆ ರೊಟ್ಟಿ ಬಡದು ಕೊಡೂದಷ್ಟ ಬರ್ತದ.”

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಭಾರತದ ಮಹಿಳೆಯರು ಗೆದ್ದರು. ಆ ತಂಡದಲ್ಲಿ ಮೈಸೂರು ಜಿಲ್ಲೆ ಕುರುಬೂರಿನ ಚೈತ್ರಾ ಇದ್ದರು. ಅವರ ಹೆಸರು ಇಲ್ಲಿನ ಹುಡುಗಿಯರ ಬಾಯಲ್ಲೂ ಇತ್ತು. ಎಲ್ಲರೂ ಚೈತ್ರಾ ಆಗಲಾರರು. ಆಟವೊಂದೇ ಅಂಕ ತಂದುಕೊಡುವುದೂ ಇಲ್ಲ. ಆದರೆ ಅದು ಮಗುವನ್ನು ದಿನವೂ ಶಾಲೆಗೆ ಕರೆತರುತ್ತದೆ. ಬಂದ ಮಗುವಿಗೆ ಕಲಿಸಬಹುದು.

ಅಜ್ಜ–ಅಜ್ಜಿಯರೇ, ಮೊಮ್ಮಕ್ಕಳು ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ಬಂದರೆ ಗದರಬೇಡಿ. ಕೈಕಾಲು ತೊಳೆಸಿ, ತಿನ್ನಲು ಕೊಟ್ಟು, ಇವತ್ತು ಯಾವ ಪಾಠ ಆಯಿತೆಂದು ಕೇಳಿ. ನಾನೂ ಊರಿಗೆ ಮರಳಿದ ದಿನದಿಂದ ಹಾಗೇ ಕೇಳುತ್ತಿದ್ದೇನೆ.